ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು?

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಂಚಿಕೆಗೆ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಂದ ಬಂದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೂರು ಪತ್ರಗಳು ಪರದೇಶಕ್ಕೆ ದುಡಿಯಲು ಹೋದವರ, ಹೋಗಬೇಕೆಂದಿರುವವರ ಮನೆಗಳಿಂದ ಬಂದಿವೆ. ಒಂದು, ಪರದೇಶದಿಂದ ನಮ್ಮೂರಿಗೆ ಓದಲು ಬಂದವನನ್ನು ಕುರಿತದ್ದು. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಗಂಡ ಎರಡು ವರ್ಷದ ಹಿಂದೆ ಸೌದಿಗೆ ಹೋದರು. ಕಂಪನಿಯಲ್ಲಿ ಡ್ರೈವರ್ ಕೆಲಸ ಎಂದು ಏಜೆಂಟ್ ಹೇಳಿದ್ದ. ಈಗ ಒಬ್ಬರ ಮನೆಯ ಕಾರು ನಡೆಸುತ್ತಿದ್ದಾರೆ. ಐದು ತಿಂಗಳಿಂದ ಪಗಾರ ಬಂದಿಲ್ಲ. ಪಾಸ್‌ಪೋರ್ಟ್ ಕಫೀಲನ (ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕನ) ಹತ್ತಿರವೇ ಇದೆ. ಕೇಳಿದರೆ ‘ಹುರೂಬ್’ ಹಾಕುತ್ತೇನೆ ಎಂದು ಹೆದರಿಸುತ್ತಾನೆ. ನಾನು ಇಲ್ಲಿ ಕುಳಿತು ಏನು ಮಾಡಬಹುದು?
(ಹುಮನಾಬಾದ್ ತಾಲ್ಲೂಕಿನ ಓದುಗಾರ್ತಿ)

ಉತ್ತರ: ತಂಗಿ, ನೀವು ಇಲ್ಲಿಂದಲೇ ಮಾಡಬಹುದಾದದ್ದು ಬಹಳಷ್ಟಿದೆ. ಅದಕ್ಕೂ ಮೊದಲು ನಿಮ್ಮ ಗಂಡನಿಗೆ ಫೋನಿನಲ್ಲಿ ಒಂದು ಮಾತು ಹೇಳಿ: ಎಷ್ಟೇ ಸಿಟ್ಟು ಬಂದರೂ ಕೆಲಸದ ಜಾಗ ಬಿಟ್ಟು ಓಡಿಹೋಗುವುದು ಬೇಡ. ಕೆಲಸಗಾರ ಹೇಳದೆ ಕೇಳದೆ ಹೋದ ಎಂದು ಮಾಲೀಕ ಸರ್ಕಾರಕ್ಕೆ ವರದಿ ಕೊಡುವುದನ್ನೇ ಅಲ್ಲಿ ಹುರೂಬ್ ಎನ್ನುತ್ತಾರೆ. ಆ ವರದಿ ಬಿದ್ದ ಮೇಲೆ ಪಗಾರ ಕೇಳಬೇಕಾದವನೇ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ದೂರು ಮೊದಲು ದಾಖಲಾಗಬೇಕು, ಜಾಗ ಬಿಡುವ ಮಾತು ಆಮೇಲೆ. ಹೊಡೆತ ಬಡಿತವಾಗಿ ಜೀವಕ್ಕೇ ಅಪಾಯವಿದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ; ಆಗ ಅವರು ನೇರವಾಗಿ ರಿಯಾದ್‌ನ ಭಾರತೀಯ ರಾಯಭಾರ ಕಚೇರಿಗೋ ಜೆಡ್ಡಾದ ಕಾನ್ಸುಲೇಟಿಗೋ ಹೋಗಬೇಕು.

ಎರಡನೆಯದಾಗಿ, ಅವರ ಇಖಾಮಾದ (ಅಲ್ಲಿ ವಾಸಿಸಲು ಕೊಡುವ ಪರವಾನಗಿ ಚೀಟಿಯ) ಎರಡೂ ಬದಿಯ ಫೋಟೊ ತರಿಸಿಕೊಂಡು ಅದರಲ್ಲಿ ವೃತ್ತಿ ಎಂಬ ಸಾಲಿನಲ್ಲಿ ಏನಿದೆ ಎಂಬುದನ್ನು ಅರಬ್ಬಿ ಬಲ್ಲ ಯಾರಿಂದಲಾದರೂ ಓದಿಸಿ. ಅಲ್ಲಿ ‘ಸಾಯಿಕ್ ಖಾಸ್’ ಎಂದಿದ್ದರೆ, ಅಂದರೆ ಖಾಸಗಿ ಡ್ರೈವರ್ ಎಂದಿದ್ದರೆ, ಅವರನ್ನು ಮನೆಗೆಲಸದವರ ಸಾಲಿಗೆ ಸೇರಿಸಲಾಗಿದೆ ಎಂದೇ ತಿಳಿಯಬೇಕು. ಈ ಒಂದು ಪದದಿಂದ ಅವರ ಹಕ್ಕುಗಳ ಅಳತೆಯೇ ಬದಲಾಗುತ್ತದೆ. ಕಂಪನಿಯ ಕೆಲಸಗಾರನಿಗೆ ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯಿದೆ; ಕೆಲಸ ಮುಗಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ಅನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ಪಗಾರದ ಲೆಕ್ಕದಲ್ಲಿ ಸೇವಾಂತ್ಯದ ಹಣ ಸಿಗುತ್ತದೆ (ತಾನಾಗಿ ರಾಜೀನಾಮೆ ಕೊಟ್ಟರೆ ಇದು ಕಡಿಮೆಯಾಗುತ್ತದೆ); 2021ರ ಮಾರ್ಚ್‌ನಿಂದ ಜಾರಿಗೆ ಬಂದ ಸುಧಾರಣೆಯಿಂದಾಗಿ ಒಂದು ವರ್ಷ ಪೂರೈಸಿದವನು ಕಫೀಲನ ಒಪ್ಪಿಗೆಯಿಲ್ಲದೆ ಬೇರೆ ಕಡೆ ಸೇರುವ ದಾರಿಯೂ ಇದೆ. ಮನೆಯ ಡ್ರೈವರ್, ಕುರಿ ಕಾಯುವವನು, ತೋಟದ ಮಾಲಿ, ಮನೆಗೆಲಸದ ಹೆಣ್ಣುಮಗಳು ಇವರನ್ನು ಆ ಸುಧಾರಣೆಯಿಂದ ಹೊರಗಿಟ್ಟರು. ಅತಿ ಹೆಚ್ಚು ರಕ್ಷಣೆ ಬೇಕಾದವರನ್ನೇ ಹೀಗೆ ಹೊರಗಿಟ್ಟದ್ದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಆದರೂ ಅವರಿಗಾಗಿ ಬೇರೆ ನಿಯಮಗಳಿವೆ: ವಾರಕ್ಕೊಂದು ರಜೆ, ಎರಡು ವರ್ಷಕ್ಕೆ ಒಂದು ತಿಂಗಳ ಪಗಾರಸಹಿತ ರಜೆ, ನಾಲ್ಕು ವರ್ಷ ಪೂರೈಸಿದರೆ ಒಂದು ತಿಂಗಳ ಪಗಾರ. ನಿಮ್ಮ ಗಂಡನಿಗೆ ಎರಡು ವರ್ಷ ತುಂಬಿರುವುದರಿಂದ, ಒಪ್ಪಂದವನ್ನು ಮುಂದುವರಿಸುವುದಾದರೆ, ರಜೆಯ ಹಕ್ಕು ಹುಟ್ಟುತ್ತದೆ. ಪಾಸ್‌ಪೋರ್ಟನ್ನಂತೂ ಕಂಪನಿಯಾಗಲಿ ಮನೆಯ ಮಾಲೀಕನಾಗಲಿ ಹಿಡಿದಿಟ್ಟುಕೊಳ್ಳುವಂತಿಲ್ಲ.

ಇನ್ನು ನಿಮ್ಮ ಕೆಲಸ. ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ಪೋರ್ಟಲ್ 2015ರಿಂದ ಇದೆ. ಅದರಲ್ಲಿ ಗಂಡನ ಪರವಾಗಿ ಹೆಂಡತಿಯೇ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ಸಂಖ್ಯೆ, ಇಖಾಮಾ ಸಂಖ್ಯೆ, ಕಫೀಲನ ಹೆಸರು ಮತ್ತು ಮೊಬೈಲ್, ಅವರಿರುವ ಊರು, ಪಗಾರ ನಿಂತ ತಿಂಗಳು ಇಷ್ಟನ್ನು ಬರೆದಿಟ್ಟುಕೊಂಡು ಕುಳಿತರೆ ಅರ್ಧ ಗಂಟೆಯ ಕೆಲಸ. ಇಂಟರ್ನೆಟ್ ಒಗ್ಗದಿದ್ದರೆ 1800 11 3090 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ. ಅದು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು. ಊಟ, ವಸತಿ, ವಕೀಲರ ನೆರವು, ಮರಳಿ ಬರುವ ಟಿಕೆಟ್ ಇವಕ್ಕಾಗಿ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬ ಹಣವನ್ನು 2009ರಿಂದ ಇಡಲಾಗಿದೆ. ನಿಮ್ಮ ಗಂಡ ನಿರ್ಗತಿಕ ಸ್ಥಿತಿಯಲ್ಲಿದ್ದರೆ ಅದನ್ನು ಕೇಳಲು ಸಂಕೋಚ ಬೇಡ. ಅದು ಯಾರೋ ಕೊಡುವ ಭಿಕ್ಷೆಯಲ್ಲ, ಇಂಥವರಿಗಾಗಿಯೇ ಕೂಡಿಟ್ಟ ಹಣ.

ಕೆಲವು ವರ್ಷಗಳ ಹಿಂದೆ ಚಿತ್ತಾಪುರದ ಕಡೆಯ ಒಬ್ಬ ತಾಯಿ ನನ್ನ ಬಳಿ ಬಂದಿದ್ದರು. ಬುತ್ತಿಯ ಚೀಲದೊಳಗಿಂದ ಮಗನ ಇಖಾಮಾದ ಜೆರಾಕ್ಸ್ ತೆಗೆದರು. ನಾಲ್ಕು ಮಡಿಕೆ ಮಾಡಿ ಮಾಡಿ, ಸಂಖ್ಯೆಯ ಕೊನೆಯ ಮೂರು ಅಂಕಿಗಳು ಮಡಿಕೆಯ ಗೆರೆಯಲ್ಲಿಯೇ ಅಳಿಸಿಹೋಗಿದ್ದವು. ಆ ಮೂರು ಅಂಕಿಗಳನ್ನು ಹುಡುಕಲು ನಮಗೆ ಎರಡು ವಾರ ಹಿಡಿಯಿತು. ಆದ್ದರಿಂದಲೇ ಹೇಳುತ್ತಿದ್ದೇನೆ, ಕಾಗದಗಳ ಫೋಟೊವನ್ನು ಇಂದೇ ತರಿಸಿಕೊಂಡು ಇನ್ನೊಬ್ಬರ ಫೋನಿಗೂ ಕಳುಹಿಸಿಡಿ. ಹಣ ಕಳುಹಿಸಿದ ರಸೀದಿಗಳು, ಕಫೀಲನ ವಾಟ್ಸ್ಯಾಪ್ ಧ್ವನಿ ಸಂದೇಶಗಳು ಯಾವುದನ್ನೂ ಅಳಿಸಬೇಡಿ. ಕಾರ್ಮಿಕ ಕಾನೂನಿನಡಿ ಬರುವವರಿಗೆ ಇನ್ನೊಂದು ಗಡುವಿದೆ: ಕೆಲಸ ಮುಗಿದ 12 ತಿಂಗಳೊಳಗೆ ದಾವೆ ಹೂಡದಿದ್ದರೆ ಬಾಕಿ ಕೇಳುವ ಹಕ್ಕು ಹೋಗುತ್ತದೆ. ಊರಿಗೆ ಬಂದು ‘ಆಮೇಲೆ ನೋಡೋಣ’ ಎಂದು ಕುಳಿತ ಎಷ್ಟೋ ಮಂದಿ ಹೀಗೆಯೇ ಹಣ ಕಳೆದುಕೊಂಡಿದ್ದಾರೆ.

ಪ್ರಶ್ನೆ: ಮಗ ಪಿಯುಸಿ ಪಾಸಾಗಿದ್ದಾನೆ. ದುಬೈಗೆ ವಿಸಿಟ್ ವೀಸಾ ಮೇಲೆ ಕಳುಹಿಸಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇನೆಂದು ಒಬ್ಬರು 1.8 ಲಕ್ಷ ಕೇಳುತ್ತಿದ್ದಾರೆ. ಹೊಲ ಒತ್ತೆ ಇಡಬೇಕಾಗುತ್ತದೆ. ಕಳುಹಿಸಬಹುದೇ?
(ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಈ ಷರತ್ತಿನ ಮೇಲೆ ಕಳುಹಿಸಬೇಡಿ. ಹೊಲವನ್ನು ಒತ್ತೆ ಇಡಬೇಡಿ.

ಕಾರಣಗಳನ್ನು ಹೇಳುತ್ತೇನೆ. 1983ರ ವಲಸೆ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟ್ ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸಬಹುದು, ಮತ್ತು ಅವನು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯೇ ಮಿತಿ. 1.8 ಲಕ್ಷ ಕೇಳಿದ ಕ್ಷಣದಲ್ಲಿಯೇ ಅವನು ಆ ಮಿತಿಯನ್ನು ದಾಟಿದ್ದಾನೆ. ನೋಂದಾಯಿತ ಏಜೆಂಟರ ಪಟ್ಟಿ ‘ಇ-ಮೈಗ್ರೇಟ್’ ಪೋರ್ಟಲಿನಲ್ಲಿದೆ. ಅವನ ಪರವಾನಗಿ ಸಂಖ್ಯೆ ಕೇಳಿ, ಅಲ್ಲಿ ಹುಡುಕಿ. ನಾನು ಅವರ ಮನುಷ್ಯ, ಇವರ ಮನುಷ್ಯ ಎಂದು ಊರೂರು ತಿರುಗುವ ಉಪ ಏಜೆಂಟರಿಗೆ ಕಾನೂನಿನಲ್ಲಿ ಜಾಗವಿಲ್ಲ.

ನಿಮ್ಮ ಮಗನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತಿರುತ್ತದೆ. ಅವರು ಸೌದಿ, ಯುಎಇ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು, ಮತ್ತು ಆ ಹೊತ್ತಿನಲ್ಲಿ ಒಪ್ಪಂದವೂ ವಿಮೆಯೂ ಪರಿಶೀಲನೆಗೆ ಒಳಗಾಗುತ್ತವೆ. ಪಿಯುಸಿ ಓದಿದ ನಿಮ್ಮ ಮಗನಿಗೆ ಈ ಅನುಮತಿ ಬೇಕಿಲ್ಲ. ಊರಿನಲ್ಲಿ ಇದನ್ನು ಅನುಕೂಲವೆಂದು ಭಾವಿಸುತ್ತಾರೆ, ಆದರೆ ಅವನ ಕಾಗದಗಳನ್ನು ಸರ್ಕಾರದ ಯಾವ ಕಣ್ಣೂ ನೋಡುವುದಿಲ್ಲ ಎಂಬುದೇ ಇದರ ಅರ್ಥ. ನೋಡಬೇಕಾದವರು ನೀವೇ.

ಯುಎಇಯ 2021ರ ಕಾರ್ಮಿಕ ಕಾನೂನು, ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನೂ ಅವನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ನಿಜವಾದ ಕೆಲಸವಾಗಿದ್ದರೆ ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ನೇಮಕಾತಿ ಪತ್ರ ಬರುತ್ತದೆ. ಅದು ಅರಬ್ಬಿ, ಇಂಗ್ಲಿಷ್ ಅಲ್ಲದೆ ಹಿಂದಿ, ಉರ್ದುಗಳಲ್ಲಿಯೂ ದೊರೆಯುವುದರಿಂದ ನಮ್ಮ ಭಾಗದವರಿಗೆ ಓದಿಸಿಕೊಳ್ಳುವುದು ಕಷ್ಟವಲ್ಲ. ಮೂಲ ವೇತನ ಎಷ್ಟು ಎಂಬ ಸಾಲನ್ನು ಎರಡು ಸಲ ಓದಿ, ಏಕೆಂದರೆ ಸೇವಾಂತ್ಯದ ಹಣದ ಲೆಕ್ಕ ಅದರ ಮೇಲೆಯೇ ನಿಂತಿದೆ. ವಿಸಿಟ್ ವೀಸಾದ ಮೇಲೆ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ, ಪಗಾರ ಕೊಡದಿದ್ದರೆ ಕೆಲಸಗಾರನೆಂದು ದೂರು ಕೊಡಲು ಕೈಯಲ್ಲಿ ಕಾಗದವೇ ಇರುವುದಿಲ್ಲ.

ಕಲಬುರಗಿ ಜಿಲ್ಲೆಯ ಮೂವರು ಯುವಕರು ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧಭೂಮಿಯಲ್ಲಿ ಸಿಲುಕಿ, 2024ರ ಸೆಪ್ಟೆಂಬರಿನಲ್ಲಿ ಜೀವಸಹಿತ ಮರಳಿದ್ದು ನಿಮಗೆ ನೆನಪಿರಬಹುದು. ಅವರ ತಂದೆತಾಯಿಗಳೂ ನಿಮ್ಮಂತೆಯೇ ಮಗನ ಬದುಕು ಹಸನಾಗಲಿ ಎಂದೇ ಹಣ ಹೊಂದಿಸಿದ್ದರು. ಹೋಗುವುದೇ ನಿಶ್ಚಯವಾದರೆ ನೋಂದಾಯಿತ ಏಜೆಂಟನ ಮೂಲಕ, ಬ್ಯಾಂಕಿನ ಮೂಲಕ ಮಾತ್ರ ಹಣ ಕಟ್ಟಿ, ರಸೀದಿ ಪಡೆದು ಕಳುಹಿಸಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಬಗ್ಗೆಯೂ ವಿಚಾರಿಸಿ. ಇಸಿಆರ್‌ನವರಿಗೆ ಅದು ಕಡ್ಡಾಯ, ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆ ಉಂಟಾದರೆ 10 ಲಕ್ಷ. ಪಾಲಿಸಿಯ ಪ್ರತಿ ಮನೆಯಲ್ಲಿರಬೇಕು. ಇಂಥದೊಂದು ವಿಮೆ ಇದೆ ಎಂಬುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಕೇಳುವವರು ಯಾರು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಮನೆಯ ಮೇಲಿನ ಕೋಣೆಯನ್ನು ಓದಲು ಬಂದ ಒಬ್ಬ ವಿದೇಶಿ ವಿದ್ಯಾರ್ಥಿಗೆ ಬಾಡಿಗೆ ಕೊಟ್ಟಿದ್ದೇವೆ. ಹುಡುಗ ಒಳ್ಳೆಯವನು. ನೆರೆಹೊರೆಯವರು ಖಾಲಿ ಮಾಡಿಸಿ ಎನ್ನುತ್ತಿದ್ದಾರೆ. ಅವನ ಪಾಸ್‌ಪೋರ್ಟನ್ನು ನಾವು ಇಟ್ಟುಕೊಂಡರೆ ಸುರಕ್ಷಿತವೇ?
(ಕಲಬುರಗಿಯ ಮನೆ ಮಾಲೀಕರು)

ಉತ್ತರ: ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಡಿ. ಈಗಾಗಲೇ ಇಟ್ಟುಕೊಂಡಿದ್ದರೆ ಇಂದು ಸಂಜೆಯೊಳಗೆ ಅವನ ಕೈಗೆ ಕೊಟ್ಟುಬಿಡಿ. ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕುವ ಅಧಿಕಾರ ಪೊಲೀಸರಿಗೂ ಇಲ್ಲ, ಅದು ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಹೇಳಿದೆ. ಹೀಗಿರುವಾಗ ಮನೆ ಮಾಲೀಕರಿಗೆ ಎಲ್ಲಿಂದ ಬರಬೇಕು? ಮೊದಲ ಪತ್ರ ಬರೆದ ಹುಮನಾಬಾದಿನ ಹೆಣ್ಣುಮಗಳ ಸಂಕಟವನ್ನು ಒಮ್ಮೆ ಓದಿ ನೋಡಿ. ಅಲ್ಲಿ ಕಫೀಲ ಮಾಡಿದ್ದನ್ನು ಇಲ್ಲಿ ನಾವು ಮಾಡಬಾರದು.

ನಿಮ್ಮ ಜವಾಬ್ದಾರಿ ಬೇರೆಯೇ ಇದೆ, ಅದನ್ನು ತಪ್ಪದೆ ಮಾಡಿ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು, ಅದು ಹೋಟೆಲಾಗಲಿ ಸ್ವಂತ ಮನೆಯಾಗಲಿ, ಅವರು ಬಂದ 24 ಗಂಟೆಯೊಳಗೆ ಅವರ ವಿವರಗಳ ನಮೂನೆಯನ್ನು (ಹಿಂದೆ ಇದನ್ನು ‘ಫಾರ್ಮ್ ಸಿ’ ಎನ್ನುತ್ತಿದ್ದರು) ಆನ್‌ಲೈನಿನಲ್ಲಿ ಸಲ್ಲಿಸಬೇಕು. ಪಾಸ್‌ಪೋರ್ಟ್ ಮತ್ತು ವೀಸಾದ ನಕಲುಗಳು ಇದಕ್ಕೆ ಸಾಕು. ನೀವು ಇದುವರೆಗೆ ಸಲ್ಲಿಸಿರದಿದ್ದರೆ ತಡಮಾಡದೆ ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ ವಿಷಯ ತಿಳಿಸಿ. ಬೀದರ್, ಯಾದಗಿರಿಯವರು ಜಿಲ್ಲಾ ಎಸ್‌ಪಿ ಕಚೇರಿಗೆ ಹೋಗಬೇಕು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಿಕೊಳ್ಳುವುದು ಹುಡುಗನ ಹೊಣೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿರುವುದರಿಂದ ಈ ವಿಷಯದಲ್ಲಿ ಉದಾಸೀನ ಬೇಡ.

ನೆರೆಹೊರೆಯವರಿಗೆ ಸಮಾಧಾನದಿಂದ ಹೇಳಿ: ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. ಎಲ್ಲಿಯಾದರೂ ನೆಲೆಸುವ ಸ್ವಾತಂತ್ರ್ಯವನ್ನು ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ, ನಿಜ. ಆದರೆ ಕಾನೂನಿನ ಸಮಾನ ರಕ್ಷಣೆ ಮತ್ತು ಜೀವದ ಹಕ್ಕು ಆ ಹುಡುಗನಿಗೂ ಇದೆ. ಬಾಡಿಗೆ ಕರಾರು ಬರೆಸಿಕೊಂಡು, ಕಾಗದ ಸರಿಯಿಟ್ಟುಕೊಂಡು ಇರುವ ಬಾಡಿಗೆದಾರನ ಸಾಮಾನನ್ನು ಹೊರಗೆ ಎಸೆದು ಖಾಲಿ ಮಾಡಿಸಲು ಬರುವುದಿಲ್ಲ.

ಪ್ರಶ್ನೆ: ಮಗ ಆರು ವರ್ಷದಿಂದ ದುಬೈಯಲ್ಲಿದ್ದಾನೆ. ನಮ್ಮ ಹೊಲಕ್ಕೆ ಹೊಂದಿದ ಮೂರು ಎಕರೆ ಮಾರಾಟಕ್ಕೆ ಬಂದಿದೆ. ಅವನ ಹೆಸರಿಗೆ ಕೊಳ್ಳಬಹುದೇ?
(ಭಾಲ್ಕಿ ತಾಲ್ಲೂಕಿನ ರೈತರು)

ಉತ್ತರ: ಈಗ ಅವನ ಹೆಸರಿಗೆ ಕೊಳ್ಳಲು ಬರುವುದಿಲ್ಲ. ಮಗ ಭಾರತದ ನಾಗರಿಕನೇ ಆಗಿದ್ದರೂ ಕೆಲಸಕ್ಕಾಗಿ ಹೊರದೇಶದಲ್ಲಿ ನೆಲೆಸಿರುವುದರಿಂದ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ದೃಷ್ಟಿಯಲ್ಲಿ ಅನಿವಾಸಿ. ಅನಿವಾಸಿಗಳು ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಕರ್ನಾಟಕದಲ್ಲಿ 2020ರಲ್ಲಿ ಭೂ ಸುಧಾರಣಾ ಕಾಯ್ದೆ ಸಡಿಲವಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ರಾಜ್ಯದ ಕಾನೂನು, ಫೆಮಾದ ನಿರ್ಬಂಧ ಹಾಗೆಯೇ ಇದೆ; ಮೀರಿದರೆ ಹಣದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

ಮಗ ನಿಮಗೆ ಹಣವನ್ನು ಉಡುಗೊರೆಯಾಗಿ ಬ್ಯಾಂಕಿನ ಮೂಲಕ ಕಳುಹಿಸಿ, ಅದಕ್ಕೊಂದು ದಾನಪತ್ರ ಬರೆದುಕೊಟ್ಟರೆ, ಆ ಹಣದಿಂದ ನೀವು ನಿಮ್ಮ ಸ್ವಂತಕ್ಕೆ ಕೊಳ್ಳಬಹುದು. ‘ಹೆಸರು ಮಾತ್ರ ನನ್ನದು, ಜಮೀನು ಮಗನದು’ ಎಂಬ ಒಳ ಒಪ್ಪಂದ ಬೇನಾಮಿಯ ತೊಡಕಿಗೆ ದಾರಿಯಾಗುತ್ತದೆ, ಹಾಗೆ ಮಾಡಬೇಡಿ. ನಿಮ್ಮ ಹೆಸರಿನ ಜಮೀನಿಗೆ ಉಳಿದ ಮಕ್ಕಳೂ ವಾರಸುದಾರರಾಗುತ್ತಾರೆ ಎಂಬುದನ್ನು ಮಗನಿಗೆ ಮೊದಲೇ ತಿಳಿಸಿ, ಆ ಮೂರು ಎಕರೆ ಅವನಿಗೇ ಸೇರಬೇಕೆಂದಿದ್ದರೆ ಉಯಿಲು ಬರೆದು ನೋಂದಾಯಿಸಿ. ವಾರಸಿನಿಂದ ಬಂದ ಕೃಷಿ ಜಮೀನನ್ನು ಅನಿವಾಸಿಯೂ ಇಟ್ಟುಕೊಳ್ಳಬಹುದು. ಮಗ ದುಬೈ ಬಿಟ್ಟು ಊರಿನಲ್ಲಿ ನೆಲೆಸಲು ಮರಳಿ ಬಂದರೆ ಈ ನಿರ್ಬಂಧ ಅವನಿಗಿರುವುದಿಲ್ಲ. ಮಾರುವವರು ಅಲ್ಲಿಯವರೆಗೆ ಕಾಯಲು ಒಪ್ಪಿದರೆ ಅದಕ್ಕಿಂತ ನೇರವಾದ ದಾರಿ ಇಲ್ಲ.