ಗಿರಾಕಿಗೆ ತೋರಿಸಲು 30 ಜಾತಿ ಕಟ್ಟಿಗೆಯ ಸ್ಯಾಂಪಲ್ ಪೆಟ್ಟಿಗೆ ಮಾಡೋದು ಹೇಗೆ?

30 ಜಾತಿ! ನಾನು 22 ಮಾಡಿದ್ದೆ ನೋಡಿ. ಬೈಕಿನ ಹಿಂದೆ ಕಟ್ಟಿಕೊಂಡು ಕಲಬುರಗಿಯಿಂದ ಶಹಾಬಾದ್, ಚಿತ್ತಾಪುರ ಅಂತ ಸುತ್ತುತ್ತಿದ್ದೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಆ ಪೆಟ್ಟಿಗೆ ನೆನಪಾಯಿತು. ಅದರ ಹಿಂದೆಯೇ ಒಂಬತ್ತು ಬಾಗಿಲೂ ನೆನಪಾದವು.

ಸೇಡಂ ರಸ್ತೆ ಕಡೆ ಒಂದು ಹೊಸ ಮನೆ, ಒಂಬತ್ತು ಬಾಗಿಲಿನ ಕೆಲಸ. ಯಜಮಾನರು ಜಾಸ್ತಿ ಮಾತಾಡುವವರಲ್ಲ. ತೀರ್ಮಾನವೆಲ್ಲ ಅಕ್ಕೋರದ್ದು, ಶಾಲೆಯಲ್ಲಿ ಕಲಿಸುವವರು. ನನ್ನ 22 ತುಂಡುಗಳನ್ನು ನೆಲದ ಮೇಲೆ ಹರಡಿದೆ. ಅವರು ಒಂದೇ ನಿಮಿಷದಲ್ಲಿ ಒಂದನ್ನು ಎತ್ತಿಕೊಂಡರು. ಸಾಗವಾನಿ, ತಿಳಿ ಜೇನಿನ ಬಣ್ಣ. "ಇದೇ ಇರ್ಲಿ ರೀ" ಅಂದರು. ಉಳಿದ 21 ತುಂಡುಗಳನ್ನು ಯಾರೂ ಮುಟ್ಟಲೇ ಇಲ್ಲ.

ಆ ತುಂಡಿನ ಹಿಂದೆ ನಾನು ಏನೂ ಬರೆದಿರಲಿಲ್ಲ. ತಪ್ಪು ಇದೊಂದೇ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಸಣ್ಣದು ಅಂತ ನನಗೂ ಅನ್ನಿಸಿತ್ತು. ಸ್ಯಾಂಪಲ್ ಮಾಡಿದ್ದು ಒಂದು ರಜೆ ದಿನ, ಆರಾಮಾಗಿ ಕೂತು. ಮೊದಲು 120 ನಂಬರ್ ಎಮರಿ ಪೇಪರ್, ಆಮೇಲೆ 180, ಕೊನೆಗೆ 320; ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಬಾಗಿಲಿಗೆ ಪಾಲಿಶ್ ಹುಡುಗರನ್ನು ಕರೆದಿದ್ದೆ. ಅವರು 150ಕ್ಕೇ ನಿಲ್ಲಿಸಿ ಸ್ಟೇನರ್, ಅಂದ್ರೆ ಕಟ್ಟಿಗೆಗೆ ಬಣ್ಣ ಕೊಡೋ ದ್ರವ, ಹಚ್ಚಿದರು. ಒರಟು ಪೇಪರ್ ಬಿಟ್ಟ ಗೀರು ಕಣ್ಣಿಗೆ ಕಾಣಲ್ಲ, ಆದರೆ ಬಣ್ಣ ಹೋಗಿ ಅದರೊಳಗೇ ಕೂರುತ್ತೆ. ಸಾಗವಾನಿ ಅದೇ, ಡಬ್ಬಿ ಅದೇ, ಬಾಗಿಲು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತು. ಎರಡು ದಿನ ಡಬ್ಬಿಯನ್ನೇ ಬೈದೆ. ಸ್ಯಾಂಪಲ್‌ಗೆ ಥಿನ್ನರ್ ಎಷ್ಟು ಬೆರೆಸಿದ್ದೆ, ಸ್ಟೇನರ್ ಒಂದು ಕೈಯೋ ಎರಡು ಕೈಯೋ, ಒಂದೂ ನೆನಪಿಲ್ಲ. 320 ಹೊಡೆದಿದ್ದೆ ಅನ್ನೋದು ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅಕ್ಕೋರು ಸ್ಯಾಂಪಲ್ ತಂದು ಬಾಗಿಲಿಗೆ ಹಿಡಿದರು. "ನಾ ಒಪ್ಕೊಂಡಿದ್ದು ಇದಲ್ರಿ." ಅಷ್ಟೇ. ಜಗಳ ಆಡಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಒಂಬತ್ತೂ ಬಾಗಿಲು ಕೆರೆಸಿದೆ, ಕೂಲಿ ನನ್ನದೇ. ಏಳು ಗಟ್ಟಿ ಸಾಗವಾನಿ, ಹೇಗೋ ಬಚಾವಾದವು. ಎರಡು ಫ್ಲಶ್ ಡೋರ್, ಅಂದ್ರೆ ಸಪಾಟು ಬಾಗಿಲು, ಮೇಲೆ ಸಾಗವಾನಿ ವಿನಿಯರ್, ಅಂದ್ರೆ ತೆಳು ಕಟ್ಟಿಗೆ ಹಾಳೆ. ಅದು ಒಂದು ಮಿಲಿಮೀಟರ್ ದಪ್ಪ ಕೂಡ ಇರಲ್ಲ. ಉಜ್ಜಿ ಉಜ್ಜಿ ಒಳಗಿನ ಪ್ಲೈ ಕಾಣಿಸಿತು. ಆ ಎರಡನ್ನೂ ಹೊಸದಾಗಿ ಕೊಡಿಸಿದೆ.

ಈಗ ನಿಮ್ಮ ಪೆಟ್ಟಿಗೆ ವಿಷಯ. ಮಾಡಬೇಡಿ. ಎಂಟು ಇಂಚು ಉದ್ದ, ನಾಲ್ಕು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಸಾಗವಾನಿ ತುಂಡು ಸುಮಾರು ಕಾಲು ಕೆಜಿ ತೂಗುತ್ತೆ. 30 ತುಂಡು ಅಂದ್ರೆ ಏಳೂವರೆ ಕೆಜಿ. ತೂಕ ಉಳಿಸೋಕೆ ಬೆಂಕಿಪೊಟ್ಟಣದಷ್ಟು ಚೂರು ಮಾಡಿದರೆ ಗೆರೆಯೇ ಕಾಣಲ್ಲ, ಗಿರಾಕಿ ಏನು ನೋಡಬೇಕು? ನನ್ನ ಗಿರಾಕಿಗಳು ಕೊನೆಗೆ ಬರೋದು ಸಾಗವಾನಿಗೆ, ಇಲ್ಲವೇ ಚೌಕಟ್ಟಿಗೆ ಸಾಕು ಅಂತ ಬೇವಿಗೆ. ಅವರು ಆರಿಸೋದು ಬಣ್ಣವನ್ನು, ಕಟ್ಟಿಗೆಯನ್ನಲ್ಲ. ಬೀಟೆ ತುಂಡು ತೋರಿಸಿ ಆಸೆ ಹುಟ್ಟಿಸೋದು ಸುಮ್ನೆ ಮಾತು ಬೆಳೆಸೋದು.

ನಾನು ಈಗ ಒಯ್ಯೋದು ಐದೇ ತುಂಡು. ಪ್ರತಿಯೊಂದಕ್ಕೂ ಟೇಪ್ ಹಚ್ಚಿ ನಾಲ್ಕು ಪಟ್ಟಿ ಮಾಡಿರ್ತೀನಿ: ಏನೂ ಹಚ್ಚದ ಕಟ್ಟಿಗೆ, ಬರೀ ಸೀಲರ್ (ಕಟ್ಟಿಗೆಯ ಸಣ್ಣ ರಂಧ್ರ ಮುಚ್ಚೋ ಲೇಪ), ಸ್ಟೇನರ್ ಜೊತೆ ಸೀಲರ್, ಕೊನೆಗೆ ಪೂರ್ತಿ ಮೆಲಮೈನ್ (ಮೇಲಿನ ಕೊನೆಯ ಪಾಲಿಶ್). ಹಿಂದೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಪೇಪರ್ ನಂಬರ್, ಸ್ಟೇನರ್ ಹೆಸರು, ಥಿನ್ನರ್ ಅಳತೆ, ಎಷ್ಟು ಕೈ, ತಾರೀಖು. ಗಿರಾಕಿ ಒಪ್ಪಿದರೆ ಅವರ ಸಹಿಯೂ ಅಲ್ಲೇ. ತುಂಡನ್ನು ಉದ್ದಕ್ಕೆ ಸೀಳಿ ಅರ್ಧ ಅವರಿಗೆ, ಅರ್ಧ ನನಗೆ. ಪಾಲಿಶ್ ಹುಡುಗರು ಕೆಲಸ ಶುರು ಮಾಡೋ ಮೊದಲು ಹಿಂದಿನ ಬರಹ ಓದಿ ಹೇಳಬೇಕು, ಇಲ್ಲಾಂದ್ರೆ ಡಬ್ಬಿ ಬಿಚ್ಚಂಗಿಲ್ಲ.

ತೋರಿಸೋದು ಅವರ ಮನೆಯಲ್ಲೇ, ಅವರ ನೆಲದ ಮೇಲೆ ಇಟ್ಟು. ಶಹಾಬಾದ್ ಬಂಡೆಯ ಪಕ್ಕ ಕಾಣೋ ಬಣ್ಣ ಬೇರೆ, ಬಿಳಿ ಟೈಲ್ಸ್ ಪಕ್ಕ ಕಾಣೋದೇ ಬೇರೆ. ಮತ್ತೆ ನಮ್ಮ ಬಿಸಿಲು ಗೊತ್ತಲ್ಲ, ಏನೂ ಹಚ್ಚದ ಸಾಗವಾನಿ ಬೆಳಕಿಗೆ ಬಣ್ಣ ಬದಲಾಯಿಸುತ್ತೆ. ಆ ಪಟ್ಟಿಯನ್ನು ಆಗಾಗ ರಂದಾ ಹೊಡೆದು ಹೊಸದು ಮಾಡ್ತೀನಿ. ಪೆಟ್ಟಿಗೆ ಬದಲು ಚೀಲ ಸಾಕು. ನನ್ನದು ಹಳೇ ಜೀನ್ಸ್ ಪ್ಯಾಂಟಿನ ಕಾಲು, ಒಂದು ತುದಿ ಹೊಲಿದದ್ದು.