ಎಪಿಪಿ ಎಂದರೆ ಪೊಲೀಸರ ವಕೀಲರಲ್ಲ: ಕೆಲಸ, ಬಡ್ತಿ ಮತ್ತು ಪಿಪಿ ಹುದ್ದೆಯ ಬಗ್ಗೆ

ಎಲ್‌ಎಲ್‌ಬಿ ಮುಗಿಸಿ ತಾಲ್ಲೂಕು ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಪ್ರಾಕ್ಟೀಸ್ ಮಾಡುತ್ತಿದ್ದೀರಿ, ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ, ಅಂದರೆ ಕ್ರಿಮಿನಲ್ ಕೇಸುಗಳನ್ನು ಸರ್ಕಾರದ ಪರ ನಡೆಸುವ ವಕೀಲ) ಪರೀಕ್ಷೆ ಬರೆಯುವ ಮನಸ್ಸಿದೆ ಎಂದು ಬರೆದಿದ್ದೀರಿ. ಆ ಕೆಲಸದಲ್ಲಿ ದಿನವಿಡೀ ಏನಿರುತ್ತದೆ, ಎಪಿಪಿಯಾದವರು ಮುಂದೆ ಪಿಪಿ (ಸರ್ಕಾರಿ ಅಭಿಯೋಜಕ) ಆಗುತ್ತಾರೋ ಇಲ್ಲವೋ, 'ಪೊಲೀಸರು ಹೇಳಿದ್ದಕ್ಕೆ ತಲೆಯಾಡಿಸುವ ಕೆಲಸ' ಎಂದು ಬಾರ್‌ನಲ್ಲಿ ಆಡುವ ಮಾತು ನಿಜವೋ ಎಂದು ಕೇಳಿದ್ದೀರಿ. ನಾನು ಕರ್ನಾಟಕದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟುಗಳಲ್ಲಿ ಎಪಿಪಿಯಾಗಿದ್ದು, ಈಗ ಹಿರಿಯ ಎಪಿಪಿ. ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಗದೆ ಈ ಕೆಲಸಕ್ಕೆ ಬಂದವರು ಒಳಗೊಳಗೇ ಬೇಯುವುದನ್ನು ನೋಡಿದ್ದೇನೆ.

ಆ ಮಾತು ನಿಜವಲ್ಲ. ಒಂದು ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ನಿಂತು ಕೇಸು ನಡೆಸುತ್ತಿದ್ದರು. 1973ರ ದಂಡ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಅದಕ್ಕೆ ತಡೆ ಹಾಕಿತು. ತನಿಖೆ ಮಾಡಿದವರೇ ಅಭಿಯೋಗವನ್ನೂ, ಅಂದರೆ ಕೋರ್ಟಿನಲ್ಲಿ ಕೇಸನ್ನೂ, ನಡೆಸಬಾರದು ಎಂಬುದು ಅದರ ಹಿಂದಿನ ವಿಚಾರ. ಕೆಲವೆಡೆ ಅಭಿಯೋಜಕರನ್ನು ಆಮೇಲೂ ಪೊಲೀಸ್ ಇಲಾಖೆಯ ಹಿಡಿತದಲ್ಲೇ ಇಟ್ಟುಕೊಂಡಿದ್ದರು. ಮಹಾರಾಷ್ಟ್ರದಿಂದ ಹೋದ ಎಸ್.ಬಿ. ಶಹಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಅದನ್ನು ತಪ್ಪೆಂದು ಹೇಳಿ, ಪ್ರತ್ಯೇಕ ಇಲಾಖೆ ಮಾಡಿ ಎಂದು ಸರ್ಕಾರಕ್ಕೆ ನಿರ್ದೇಶಿಸಿತು. 1999ರ ಶಿವಕುಮಾರ್ ವಿರುದ್ಧ ಹುಕಂ ಚಂದ್ ತೀರ್ಪನ್ನು ಬಿಡುವಾದಾಗ ಪೂರ್ತಿ ಓದಿ. ಹೇಗಾದರೂ ಸರಿ ಆರೋಪಿಗೆ ಶಿಕ್ಷೆ ಕೊಡಿಸಲೇಬೇಕೆಂಬ ದಾಹ ಸರ್ಕಾರಿ ಅಭಿಯೋಜಕರಿಗೆ ಇರಕೂಡದು, ಆರೋಪಿಗೆ ನ್ಯಾಯವಾಗಿ ಸಿಗಬೇಕಾದ ಅನುಕೂಲವನ್ನು ಅವರು ಮುಚ್ಚಿಡಬಾರದು ಎಂಬುದು ಅದರ ಸಾರ. ನಾವು ಪ್ರತಿನಿಧಿಸುವುದು ಸರ್ಕಾರವನ್ನು, ಠಾಣೆಯನ್ನಲ್ಲ.

ಹೇಳುವುದಕ್ಕೆ ಇಷ್ಟೇ, ಮಾಡುವಾಗ ಕಷ್ಟವಿದೆ. ಒಂದು ಉದಾಹರಣೆ ಕೊಡುತ್ತೇನೆ. ಚಾರ್ಜ್‌ಶೀಟ್ ಕೋರ್ಟಿಗೆ ಸಲ್ಲಿಕೆಯಾಗುವ ಮುಂಚೆ ಕಡತ ಪರಿಶೀಲನೆಗೆಂದು ನಮ್ಮ ಮೇಜಿಗೆ ಬರುತ್ತದೆ. ಪಿರ್ಯಾದಿ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಬಂದು ದೂರು ಕೊಟ್ಟರು, ಆಗ ಎಫ್‌ಐಆರ್ ಆಯಿತು ಎಂದಿರುತ್ತದೆ. ಸ್ಥಳ ಪಂಚನಾಮೆ ಮಾತ್ರ 9.30ಕ್ಕೇ ಮುಗಿದಿರುತ್ತದೆ. ಆ ಪಂಚನಾಮೆಯ ತಲೆಬರಹದಲ್ಲಿ ನೋಡಿದರೆ ಅಪರಾಧ ಸಂಖ್ಯೆ ಅಚ್ಚುಕಟ್ಟಾಗಿ ಟೈಪ್ ಆಗಿರುತ್ತದೆ. 11 ಗಂಟೆಗೆ ಹುಟ್ಟಿದ ಸಂಖ್ಯೆ 9.30ರ ಕಾಗದಕ್ಕೆ ಹೇಗೆ ಬಂತು? ಆರೋಪಿ ಪರ ವಕೀಲರು ಪಾಟಿ ಸವಾಲಿನಲ್ಲಿ ಈ ಒಂದು ಎಳೆ ಹಿಡಿದು ಎಳೆದರೆ ಇಡೀ ತನಿಖೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕಡತ ತೆರೆದ ಕೂಡಲೇ ನಾನು ನೋಡುವುದು ಸಮಯಗಳನ್ನು. ದೂರಿನದು, ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ್ದು, ಪಂಚನಾಮೆಯದು, ಗಾಯಾಳುವನ್ನು ವೈದ್ಯರು ನೋಡಿದ್ದು. ನಾಲ್ಕನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡರೆ ಕೇಸು ಎಲ್ಲಿ ಕುಂಟುತ್ತದೆ ಎಂಬುದು ಕಾಣುತ್ತದೆ. ಕುಂಟುವಲ್ಲಿ ಟಿಪ್ಪಣಿ ಬರೆದು ವಾಪಸು ಕಳಿಸುತ್ತೇನೆ. ಕಾಗದ ತಿದ್ದಿ ತನ್ನಿ ಎಂದಲ್ಲ, ನಡೆದದ್ದಕ್ಕೆ ವಿವರಣೆ ಕೊಡಿ ಎಂದು. ತಿದ್ದಿ ತಂದ ಕಾಗದವನ್ನು ನಾನು ಮುಟ್ಟುವುದಿಲ್ಲ.

ಆದರೆ ನಮ್ಮದು ಅಭಿಪ್ರಾಯ ಮಾತ್ರ. ಚಾರ್ಜ್‌ಶೀಟ್ ಹಾಕಬೇಕೋ, ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ಕೇಸು ಮುಗಿಸುವ ವರದಿ) ಹಾಕಬೇಕೋ ಎಂಬ ತೀರ್ಮಾನ ತನಿಖಾಧಿಕಾರಿಯದೇ. ತನಿಖೆಯಲ್ಲಿ ಅಭಿಯೋಜಕರು ಪಾಲುದಾರರಲ್ಲ ಎಂದು 2000ದ ಆರ್. ಸರಳಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಗೆರೆ ಎರಡೂ ಕಡೆಯವರನ್ನು ಕಾಯುತ್ತದೆ ಎಂದೇ ನನ್ನ ನಂಬಿಕೆ.

ಇನ್ನು ದಿನಚರಿ. ಬೆಳಿಗ್ಗೆ ಕೋರ್ಟ್ ಡ್ಯೂಟಿಯ ಪೇದೆಗಳು ಅವತ್ತಿನ ಸಿ.ಸಿ. (ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ಪ್ರಕರಣ) ಕಡತಗಳನ್ನು ತಂದಿಡುತ್ತಾರೆ. ಜಾಮೀನು ಅರ್ಜಿಗಳಿಗೆ ತಕರಾರು ಸಲ್ಲಿಸಬೇಕು, ಆಸ್ತಿ ಬಿಡುಗಡೆ ಅರ್ಜಿಗಳಿಗೆ ಉತ್ತರ ಕೊಡಬೇಕು, ರಿಮಾಂಡ್ ಕೇಳಿದರೆ ನಿಲ್ಲಬೇಕು. ಬೋರ್ಡಿನಲ್ಲಿ ಸಾಲುಸಾಲಾಗಿ ಇರುವ ಚೆಕ್ ಬೌನ್ಸ್ ಪ್ರಕರಣಗಳಿಗೂ ನಮಗೂ ಸಂಬಂಧವಿಲ್ಲ, ಅವು ಖಾಸಗಿ ದೂರುಗಳು. ನಮ್ಮ ನಿಜವಾದ ಕೆಲಸ ಸಾಕ್ಷಿಗಳದ್ದು.

ಸಾಕ್ಷಿ ಎಂದರೆ ಯಾರು? ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವರು, ಆರೋಪಿಯ ಮನೆ ಎದುರಿಗೇ ಬದುಕಬೇಕಾದವರು, ಘಟನೆ ನಡೆದು ವರ್ಷಗಳಾದ ಮೇಲೆ ಸಮನ್ಸ್ ಬಂದದ್ದಕ್ಕೆ ಹೆದರಿದವರು. ಅವರಿಗೆ ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾರು ಯಾರು ಪ್ರಶ್ನೆ ಕೇಳುತ್ತಾರೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬಹುದು ಎಂಬುದನ್ನು ಹೇಳುತ್ತೇನೆ. ಅಷ್ಟು ಹೇಳಿದರೇ ಅವರ ಕೈ ನಡುಕ ಎಷ್ಟೋ ಕಡಿಮೆಯಾಗುತ್ತದೆ. ಬಂದ ಸಾಕ್ಷಿಯನ್ನು ವಿಚಾರಣೆ ಮಾಡದೆ ವಾಪಸು ಕಳಿಸುವುದರಷ್ಟು ಅಭಿಯೋಗವನ್ನು ಕೊಲ್ಲುವ ಸಂಗತಿ ಇನ್ನೊಂದಿಲ್ಲ. ಎರಡು ಸಲ ಸುಮ್ಮನೆ ಬಂದು ಹೋದವರು ಮೂರನೇ ಸಲ ರಾಜಿ ಮಾಡಿಕೊಂಡೇ ಬರುತ್ತಾರೆ.

ಪಂಚ ಸಾಕ್ಷಿಗಳು (ಪಂಚನಾಮೆಗೆ ಸಹಿ ಹಾಕಿದವರು) ತಿರುಗಿಬೀಳುವುದಂತೂ ನಿತ್ಯದ ಮಾತು. 'ಪೊಲೀಸರು ಠಾಣೆಗೆ ಕರೆದು ಸಹಿ ಮಾಡು ಅಂದ್ರು, ಮಾಡಿದೆ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ' ಎಂದುಬಿಡುತ್ತಾರೆ. ಆಗ ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ ನಾವೇ ಪಾಟಿ ಸವಾಲು ಮಾಡುತ್ತೇವೆ. ನಾವು ಮುಂದಿಡುವ ಮಾತನ್ನು (ಇದಕ್ಕೆ ಸಲಹೆ ಎನ್ನುತ್ತೇವೆ) ಸಾಕ್ಷಿ ಅಲ್ಲಗಳೆದದ್ದು ಹೀಗೆ ದಾಖಲಾಗುತ್ತದೆ: 'ನನ್ನ ಸಮಕ್ಷಮದಲ್ಲಿ ಮಚ್ಚನ್ನು ಜಪ್ತಿ ಮಾಡಿದರು ಎಂದರೆ ಸರಿಯಲ್ಲ. ಆರೋಪಿಗೆ ಸಹಾಯ ಮಾಡಲು ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಇಂಥ ವಾಕ್ಯಗಳು ಎಷ್ಟು ಕಡತಗಳಲ್ಲಿವೆಯೋ! ಬಹಳ ಜನ ಎಪಿಪಿಗಳು ಈ ಎರಡು ಸಲಹೆ ಹಾಕಿ ಕುಳಿತುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರತಿಕೂಲವಾದವರ ಸಾಕ್ಷ್ಯವೆಲ್ಲ ತಿಪ್ಪೆಗೆ ಹೋಗುವುದಿಲ್ಲ, ನಂಬಬಹುದಾದ ಭಾಗವನ್ನು ಕೋರ್ಟು ಬಳಸಿಕೊಳ್ಳಬಹುದು. ಆ ಜಾಗ ಗೊತ್ತಾ, ಆ ದಿನ ಊರಲ್ಲಿ ಇದ್ದಿರಾ, ಸಹಿ ನಿಮ್ಮದೇನಾ, ಆರೋಪಿ ಪರಿಚಯವಾ ಎಂದು ಸಣ್ಣ ಸಣ್ಣದಾಗಿ ಕೇಳುತ್ತ ಹೋದರೆ ಉಳಿಯುವಂಥದ್ದು ಏನಾದರೂ ಸಿಕ್ಕೇ ಸಿಗುತ್ತದೆ.

ಕರ್ನಾಟಕದಲ್ಲಿ ಹುದ್ದೆಯ ಪೂರ್ತಿ ಹೆಸರು ಸಹಾಯಕ ಸರ್ಕಾರಿ ಅಭಿಯೋಜಕ ಮತ್ತು ಸಹಾಯಕ ಸರ್ಕಾರಿ ವಕೀಲ ಎಂಬುದನ್ನು ಮರೆಯಬೇಡಿ. ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಸೇರುವವರು ಸಿವಿಲ್ ದಾವೆಗಳನ್ನೂ ನೋಡಬೇಕು. ಗೋಮಾಳದ ಜಮೀನಿಗಾಗಿ ತಹಸೀಲ್ದಾರರ ಮೇಲೆ ಯಾರೋ ದಾವೆ ಹೂಡಿರುತ್ತಾರೆ, ಕಚೇರಿಯಿಂದ ಪ್ಯಾರಾವಾರು ಉತ್ತರ ಬಂದಿರುವುದಿಲ್ಲ, ಲಿಖಿತ ಹೇಳಿಕೆಗೆ ವಾಯಿದೆ ಮುಗಿಯುತ್ತಿರುತ್ತದೆ. ಬೆನ್ನು ಹತ್ತಿ ತರಿಸಿಕೊಳ್ಳಬೇಕು. ಕ್ರಿಮಿನಲ್ ಮಾತ್ರ ಸಾಕು ಎಂದುಕೊಂಡು ಬಂದವರಿಗೆ ಇದು ಭಾರವೆನಿಸುತ್ತದೆ.

ಬಡ್ತಿಗೆ ಬರೋಣ. ಎಪಿಪಿ, ಹಿರಿಯ ಎಪಿಪಿ, ಸರ್ಕಾರಿ ಅಭಿಯೋಜಕ, ಅದರ ಮೇಲೆ ಉಪ ನಿರ್ದೇಶಕ ಮುಂತಾದ ಆಡಳಿತದ ಹುದ್ದೆಗಳು. ಹಿರಿಯ ಎಪಿಪಿ ಆದರೂ ಕೆಲಸ ಮ್ಯಾಜಿಸ್ಟ್ರೇಟ್ ಕೋರ್ಟಿನದೇ. ಪಿಪಿಯಾದಾಗ ಜಗತ್ತೇ ಬದಲಾಗುತ್ತದೆ. ಸೆಷನ್ಸ್ ವಿಚಾರಣೆಯನ್ನು ಪಿಪಿಯೇ ನಡೆಸಬೇಕು ಎಂದು ಕಾನೂನೇ ಹೇಳುತ್ತದೆ. ಕೊಲೆ, ಅತ್ಯಾಚಾರ, ಡಕಾಯಿತಿ, ಪೋಕ್ಸೊ. ಕಡತಗಳ ಸಂಖ್ಯೆ ಕಡಿಮೆ, ಒಂದೊಂದರ ಆಳ ಹೆಚ್ಚು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ಮರಣೋತ್ತರ ಪರೀಕ್ಷೆ, ಕರೆ ವಿವರ ಎಲ್ಲವನ್ನೂ ಅರೆದು ಕುಡಿದಿರಬೇಕು.

ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಪಿಪಿ ಹುದ್ದೆಗೆ ಎರಡು ದಾರಿ ಇದೆ. ನಮ್ಮಂತೆ ಪರೀಕ್ಷೆ ಬರೆದು ಕೇಡರ್‌ನಲ್ಲಿ (ಖಾಯಂ ಸೇವಾ ವೃಂದದಲ್ಲಿ) ಬಡ್ತಿ ಪಡೆಯುವುದು ಒಂದು. ಕನಿಷ್ಠ 7 ವರ್ಷ ವಕೀಲಿಕೆ ಮಾಡಿದವರ ಪಟ್ಟಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಂದಿಗೆ ಸಮಾಲೋಚಿಸಿ ಮಾಡಿ, ಅದರಿಂದ ಸರ್ಕಾರ ಆರಿಸುವುದು ಇನ್ನೊಂದು. ಬಡ್ತಿಗೆ ಅವಕಾಶವಿರುವ ಕೇಡರ್ ಇದ್ದ ಕಡೆ ಮೊದಲು ಅದರಿಂದಲೇ ನೇಮಿಸಬೇಕೆಂದು ಹಳೆಯ ಸಂಹಿತೆಯ 24ನೇ ಕಲಮೂ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಮೂ ಹೇಳುತ್ತವೆ. ಹೈಕೋರ್ಟಿನ ಎಸ್‌ಪಿಪಿ (ರಾಜ್ಯ ಸರ್ಕಾರಿ ಅಭಿಯೋಜಕ), ಹೆಚ್ಚುವರಿ ಎಸ್‌ಪಿಪಿ, ಎಚ್‌ಸಿಜಿಪಿ (ಹೈಕೋರ್ಟ್ ಸರ್ಕಾರಿ ವಕೀಲ) ಬೇರೆಯೇ ಲೋಕ. ಅಲ್ಲಿಗೆ ಸರ್ಕಾರ ನೇಮಿಸಿಕೊಳ್ಳುವುದು ಸಾಮಾನ್ಯವಾಗಿ ಪ್ರಾಕ್ಟೀಸಿನಲ್ಲಿರುವ ವಕೀಲರನ್ನು.

ಒಂದೇ ಪ್ರಕರಣಕ್ಕೆಂದು ನೇಮಕವಾಗುವ ವಿಶೇಷ ಅಭಿಯೋಜಕರಿಗೆ 10 ವರ್ಷದ ಅನುಭವ ಬೇಕು. ಅವರನ್ನು ಯಾರು ನೇಮಿಸುತ್ತಾರೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಆಸ್ತಿ ಪ್ರಕರಣ ಸಾಕು. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಕಷ್ಟ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಲ್ಲಿಗೆ ವರ್ಗಾಯಿಸಿತು. ಬಿ.ವಿ. ಆಚಾರ್ಯ ವಿಶೇಷ ಅಭಿಯೋಜಕರಾಗಿದ್ದು 2012ರಲ್ಲಿ ಬಿಟ್ಟರು, ನಂತರ ಭವಾನಿ ಸಿಂಗ್ ಬಂದರು. 2014ರ ಸೆಪ್ಟೆಂಬರ್ 27ರಂದು ಶಿಕ್ಷೆಯಾಯಿತು. ಹೈಕೋರ್ಟಿನ ಮೇಲ್ಮನವಿಗೂ ಭವಾನಿ ಸಿಂಗ್ ಅವರನ್ನೇ ತಮಿಳುನಾಡು ನೇಮಿಸಿತು. ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇತ್ತು, ನೇಮಕ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್‌ನಲ್ಲಿ ಹೇಳಿತು. ಅಷ್ಟರಲ್ಲಿ ವಾದ ಮುಗಿದಿತ್ತು. ಮುಂದಿನ ತಿಂಗಳು ಹೈಕೋರ್ಟಿನಲ್ಲಿ ಖುಲಾಸೆ, ಕರ್ನಾಟಕದ ಮೇಲ್ಮನವಿ, 2017ರ ಫೆಬ್ರುವರಿಯಲ್ಲಿ ಉಳಿದ ಆರೋಪಿಗಳಿಗೆ ಮತ್ತೆ ಶಿಕ್ಷೆ. ಜಯಲಲಿತಾ ಆ ಹೊತ್ತಿಗೆ ತೀರಿಕೊಂಡಿದ್ದರು.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 20ನೇ ಕಲಂ ಮೇಲಿನ ಹುದ್ದೆಗಳ ಕೆಲಸವನ್ನು ಬಿಡಿಸಿ ಹೇಳಿದೆ. 10 ವರ್ಷ ಅಥವಾ ಹೆಚ್ಚು ಜೈಲು, ಜೀವಾವಧಿ, ಮರಣದಂಡನೆ ವಿಧಿಸಬಹುದಾದ ಪ್ರಕರಣಗಳ ಉಸ್ತುವಾರಿ ನಿರ್ದೇಶಕರದು. 7ರಿಂದ 10 ವರ್ಷದೊಳಗಿನವು ಉಪ ನಿರ್ದೇಶಕರದು, 7 ವರ್ಷಕ್ಕಿಂತ ಕಡಿಮೆಯವು ಸಹಾಯಕ ನಿರ್ದೇಶಕರದು. ಮೇಲ್ಮನವಿ ಹಾಕಬೇಕೇ ಎಂಬ ಅಭಿಪ್ರಾಯ ಕೊಡುವುದೂ ನಿರ್ದೇಶಕರೇ. ಹಾಗಾಗಿ ಖುಲಾಸೆಯಾದಾಗ ನೀವು ಬರೆಯುವ ವರದಿ ಮೇಲಕ್ಕೆ ಹೋಗುತ್ತದೆ, ಅದನ್ನು ಕಾಟಾಚಾರಕ್ಕೆ ಬರೆಯಬೇಡಿ. 2024ರ ಜುಲೈ 1ಕ್ಕಿಂತ ಹಿಂದಿನ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಆದ್ದರಿಂದ ಇನ್ನೂ ಎಷ್ಟೋ ವರ್ಷ ಹಳೆಯ ಮತ್ತು ಹೊಸ ಕಲಂಗಳೆರಡೂ ನಾಲಿಗೆ ತುದಿಯಲ್ಲಿರಬೇಕು.

ನ್ಯಾಯಾಧೀಶರಾಗುವ ಆಸೆ ಇದ್ದರೆ ಈ ಕೆಲಸ ಅಡ್ಡಿಯಲ್ಲ. ಪೂರ್ಣಾವಧಿ ಸಂಬಳದ ಅಭಿಯೋಜಕರೂ ವಕೀಲರೇ, ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಹರು ಎಂದು 2013ರ ದೀಪಕ್ ಅಗರ್ವಾಲ್ ತೀರ್ಪು ಹೇಳಿದೆ.

ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಮೂರನ್ನೂ ದಾಟಬೇಕು. ಅಧಿಸೂಚನೆ ವರ್ಷ ವರ್ಷವೂ ಬರುವುದಿಲ್ಲ. ಕೋಚಿಂಗ್‌ಗೆಂದು ಪ್ರಾಕ್ಟೀಸ್ ಬಿಡಬೇಡಿ, ಅರ್ಹತೆಗೆ ಆ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ನಿಮ್ಮ ಹಿರಿಯರ ಕಚೇರಿಯಲ್ಲಿ ತೀರ್ಪಾದ ಕ್ರಿಮಿನಲ್ ಕಡತಗಳಿರುತ್ತವೆ. ಅವನ್ನು ಅಭಿಯೋಗದ ಕಡೆಯಿಂದ ಓದಿ, ಪಿ.ಡಬ್ಲ್ಯು. 1ರ (ಅಭಿಯೋಗದ ಮೊದಲ ಸಾಕ್ಷಿಯ) ಮುಖ್ಯ ವಿಚಾರಣೆಯನ್ನು ನೀವಾಗಿದ್ದರೆ ಹೇಗೆ ಮಾಡುತ್ತಿದ್ದಿರಿ ಎಂದು ಬರೆದು ನೋಡಿ. ಬರೆದದ್ದನ್ನು ಇಲ್ಲಿ ಹಾಕಿದರೆ, ಪಕ್ಷಗಾರರ ಹೆಸರು ತೆಗೆದು, ನಾನು ಓದಿ ಹೇಳುತ್ತೇನೆ.