ಡೆಂಗೀ ವೈರಸ್‌ನ ಆರ್‌ಎನ್‌ಎಗೇ ಅಂಟಿಕೊಂಡು ತಡೆಯುವ ಔಷಧಿ ಇನ್ನೂ ಯಾಕೆ ಬಂದಿಲ್ಲ?

ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ತಳಿ ಮಾಹಿತಿ ಬರೆದಿರುವ ಸರಪಳಿ, ಅಕ್ಷರ ಅಕ್ಷರವೂ ಗೊತ್ತಿರುವಾಗ ಅದಕ್ಕೆ ಎದುರು ತುಣುಕು ಮಾಡಿ ಕೊಟ್ಟರೆ ಡೆಂಗೀ ಮುಗೀತಲ್ವಾ ಅಂತ ಬಾಗಲಕೋಟೆಯಿಂದ ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಫಾರ್ಮಸಿ ಹುಡುಗರಿಗೆ ಪಾಠ ಮಾಡುವವನು. ಮಳೆಗಾಲ ಬಂತೆಂದರೆ ಅವರೂ ಇದನ್ನೇ ಕೇಳುತ್ತಾರೆ.

ತುಣುಕು ಮಾಡುವುದು ನಿಜಕ್ಕೂ ಸುಲಭ. ಡೆಂಗೀ ವೈರಸ್‌ನ ಆರ್‌ಎನ್‌ಎ ಸುಮಾರು 10,700 ಅಕ್ಷರಗಳದ್ದು. ಅದರಲ್ಲಿ ಇಪ್ಪತ್ತು ಅಕ್ಷರಗಳ ಒಂದು ಜಾಗ ಆರಿಸಿ, ಅದಕ್ಕೆ ಜೋಡಿಯಾಗುವ ತುಣುಕನ್ನು ಮೆಷಿನ್‌ನಲ್ಲೇ ತಯಾರಿಸಬಹುದು. ಇದೇ ಆಂಟಿಸೆನ್ಸ್. ಅದು ಅಂಟಿಕೊಂಡ ಜಾಗದಲ್ಲಿ ನಮ್ಮದೇ ಜೀವಕೋಶದ ಆರ್‌ನೇಸ್ ಎಚ್ ಎಂಬ ಕಿಣ್ವ ವೈರಸ್‌ನ ಆರ್‌ಎನ್‌ಎ ಕತ್ತರಿಸುತ್ತದೆ. ಕೆಲವು ಬಗೆಯ ತುಣುಕುಗಳು ಕತ್ತರಿಸುವುದಿಲ್ಲ, ಸುಮ್ನೆ ಅಡ್ಡ ನಿಂತು ಪ್ರೋಟೀನ್ ತಯಾರಾಗದಂತೆ ಮಾಡುತ್ತವೆ. 1978ರಲ್ಲೇ ಝಾಮೆಕ್ನಿಕ್ ಮತ್ತು ಸ್ಟೀಫನ್‌ಸನ್ ಎಂಬ ವಿಜ್ಞಾನಿಗಳು 13 ಅಕ್ಷರಗಳ ಡಿಎನ್‌ಎ ತುಣುಕಿನಿಂದ ಕೋಳಿಯ ಜೀವಕೋಶಗಳಲ್ಲಿ, ಕೋಳಿಗಳಿಗೆ ಗಡ್ಡೆ ತರುವ ರೌಸ್ ಸಾರ್ಕೋಮಾ ವೈರಸ್ ತಡೆದು ತೋರಿಸಿದ್ದರು. ಅದೂ ಆರ್‌ಎನ್‌ಎ ವೈರಸ್ಸೇ.

ಕಷ್ಟ ಇರುವುದು ತಲುಪಿಸುವುದರಲ್ಲಿ. ಬರೀ ಡಿಎನ್‌ಎ ತುಣುಕು ರಕ್ತದಲ್ಲಿ ಬೇಗ ಚೂರಾಗುತ್ತದೆ. ಅದಕ್ಕೇ ಅದರ ಬೆನ್ನೆಲುಬಿನಲ್ಲಿ ಆಕ್ಸಿಜನ್ ತೆಗೆದು ಗಂಧಕ ಕೂರಿಸುತ್ತಾರೆ. ಬಾಳಿಕೆ ಬರುತ್ತದೆ, ಆದರೆ ಜಾಸ್ತಿ ಭಾಗ ಲಿವರ್, ಕಿಡ್ನಿಗೆ ಹೋಗಿ ಕೂರುತ್ತದೆ. ಡೆಂಗೀಯಲ್ಲಿ ಔಷಧಿ ಮುಖ್ಯವಾಗಿ ತಲುಪಬೇಕಾಗಿರುವುದು ಬಿಳಿ ರಕ್ತಕಣಗಳಲ್ಲಿ ಒಂದು ಜಾತಿಯಾದ ಮೊನೋಸೈಟ್‌ಗೆ. ಜೀವಕೋಶದ ಒಳಗೆ ಹೋದ ತುಣುಕಿನಲ್ಲೂ ಬಹುಪಾಲು ಎಂಡೋಸೋಮ್ ಎಂಬ ಸಣ್ಣ ಚೀಲದಲ್ಲೇ ಸಿಕ್ಕಿಬೀಳುತ್ತದೆ. ಮೊದಲು ಒಪ್ಪಿಗೆ ಪಡೆದ ಆಂಟಿಸೆನ್ಸ್ ಔಷಧಿ ಫೊಮಿವಿರ್ಸೆನ್, 1998ರಲ್ಲಿ ಅಮೆರಿಕದಲ್ಲಿ. ಅದನ್ನು ನೇರ ಕಣ್ಣಿಗೇ ಚುಚ್ಚಬೇಕಿತ್ತು! ಅದೂ ಸೈಟೋಮೆಗಲೋವೈರಸ್ಸಿಗೆ, ಅಂದರೆ ಡಿಎನ್‌ಎ ವೈರಸ್ಸಿಗೆ.

ಆಮೇಲೆ ಸಮಯ. ನನ್ನ ಪ್ರಕಾರ ಡೆಂಗೀಯಲ್ಲಿ ಇದೇ ದೊಡ್ಡ ತೊಡಕು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಬೋಲಾ ತಗುಲಿಸಿದ ಕೋತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಂಟಿಸೆನ್ಸ್‌ನಿಂದ ಬದುಕಿದವು. ಆದರೆ ಸೋಂಕು ತಗುಲಿಸಿದ ಒಂದು ಗಂಟೆಯೊಳಗೇ ಔಷಧಿ ಶುರು ಮಾಡಿದ್ದರು. ಸೊಳ್ಳೆ ಕಚ್ಚಿದ ಗಂಟೆಗೇ ಆಸ್ಪತ್ರೆಗೆ ಓಡುವವರು ಯಾರಿದ್ದಾರೆ? ಜ್ವರ ಬರುವುದೇ 4ರಿಂದ 10 ದಿನ ಬಿಟ್ಟು. ಡೆಂಗೀಯಲ್ಲಿ ನಿಜವಾದ ಅಪಾಯ ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಿರುತ್ತದೆ, ರಕ್ತನಾಳಗಳಿಂದ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸೋರುತ್ತಿರುತ್ತದೆ. ಆ ಹೊತ್ತಿನಲ್ಲಿ ವೈರಸ್ಸನ್ನು ತಡೆದು ಎಷ್ಟು ಉಪಯೋಗ?

ವೈರಸ್ ರೂಪ ಬದಲಿಸುತ್ತದಲ್ಲ ಅಂತ ಕೆಲವರು ಹೆದರಿಸುತ್ತಾರೆ. ಡೆಂಗೀಯ ನಾಲ್ಕೂ ಬಗೆಗಳಲ್ಲಿ ಆರ್‌ಎನ್‌ಎಯ ಎರಡು ತುದಿಗಳಲ್ಲಿ ಕೆಲವು ಜಾಗಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಹಿಡಿದರಾಯಿತು.

ನನಗೆ ಆಸೆ ಇರುವುದು ಲಿವರ್‌ನಲ್ಲಿ ವರ್ಷಗಟ್ಟಲೆ ಕೂರುವ ಸೋಂಕುಗಳ ಮೇಲೆ. ಹೆಪಟೈಟಿಸ್ ಸಿ ರೋಗಿಗಳಲ್ಲಿ ಮಿರಾವಿರ್ಸೆನ್ ಎಂಬ ಆಂಟಿಸೆನ್ಸ್ ವೈರಸ್ ಇಳಿಸಿ ತೋರಿಸಿತ್ತು. ವೈರಸ್ಸಿಗೆ ಬೇಕಾದ ನಮ್ಮದೇ ಒಂದು ಪುಟ್ಟ ಆರ್‌ಎನ್‌ಎಯನ್ನು ಅದು ಹಿಡಿದಿಡುತ್ತಿತ್ತು. ಅಷ್ಟರಲ್ಲಿ ಸೋಫೋಸ್‌ಬುವಿರ್‌ನಂಥ ಮಾತ್ರೆಗಳು ಬಂದು ಆಟವೇ ಬದಲಾಯಿತು.

ಸದ್ಯಕ್ಕೆ ಡೆಂಗೀ ಜ್ವರಕ್ಕೆ ಪ್ಯಾರಾಸಿಟಮಾಲ್, ನೀರು, ಡಾಕ್ಟರ ಕಣ್ಗಾವಲು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರ ಬೇಡ. ನಮ್ಮ ಕಡೆ ನಳಕ್ಕೆ ದಿನಾ ನೀರು ಬರುವುದಿಲ್ಲ, ಬ್ಯಾರಲ್ ತುಂಬಿಸಿ ಇಡುತ್ತೇವೆ. ಅವನ್ನು ಮುಚ್ಚಿಡಿ. ವಾರಕ್ಕೊಮ್ಮೆ ಒಳಗೋಡೆ ಉಜ್ಜಿ ತೊಳೆಯಿರಿ, ಈಡಿಸ್ ಸೊಳ್ಳೆಯ ಮೊಟ್ಟೆಗಳು ಅಲ್ಲಿ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ.